ತಾಲ್ ಸಾಹೇಬರ ಗದ್ಯ

ಹೋದ ತಿಂಗಳು ನಮ್ಮ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರ ಬಗ್ಗೆ ಬರೆಯೋಣವೆಂದು ಕೂತಿದ್ದೇನೆ. ಗುಜರಾತಿನ ವಟ್ವಾದ ಒಂದು ಬಣ್ಣದ ಕಾರ್ಖಾನೆಯಲ್ಲಿ ಅವರು ಲ್ಯಾಬಿನ ಮುಖ್ಯಸ್ಥರು, ನಾನು ಅವರ ಕೈಕೆಳಗಿನ ಕೆಮಿಸ್ಟ್. ಆಫೀಸಿನ ಕಾಗದಗಳಲ್ಲಿ ಅವರಿಗೊಂದು ಉದ್ದನೆಯ ಹೆಸರಿತ್ತು. ಆದರೆ ಗೇಟಿನ ವಾಚ್‌ಮನ್‌ನಿಂದ ಹಿಡಿದು ಕ್ಯಾಂಟೀನಿನವರ ತನಕ ಎಲ್ಲರೂ ಕರೆಯುತ್ತಿದ್ದದ್ದು 'ತಾಲ್ ಸಾಹೇಬ್' ಎಂದು, ನಾನು ಮಾತ್ರ ಸರ್ ಎಂದು. ತಾಲ್ ಅಂದರೆ ನಮ್ಮ ತಾಳವೇ. ಮಾತಾಡುವ ಮುಂಚೆ ಬಲಗೈಯ ಎರಡು ಬೆರಳಿನಿಂದ ಮೇಜನ್ನೋ, ತೊಡೆಯನ್ನೋ, ಪಕ್ಕದಲ್ಲಿ ನಿಂತ ಯಾರದೋ ಸ್ಕೂಟರಿನ ಸೀಟನ್ನೋ ಟಕ್ ಟಕ್ ಎಂದು ತಟ್ಟುತ್ತಿದ್ದರು. ಆಮೇಲೆ ಆ ಏಟಿಗೆ ಸರಿಯಾಗಿ ಮಾತು ಹೊರಡುತ್ತಿತ್ತು. ಹಿಂದಿಯಾದರೂ ಅಷ್ಟೆ, ಗುಜರಾತಿಯಾದರೂ ಅಷ್ಟೆ, ಇಂಗ್ಲಿಷಾದರೂ ಅಷ್ಟೆ. ಗುರುತಿಲ್ಲದವರು ಕೇಳಿದರೆ, ಈ ಮನುಷ್ಯ ಪದ್ಯ ಹೇಳುತ್ತಿದ್ದಾನೋ ಸಾಮಾನಿನ ಪಟ್ಟಿ ಓದುತ್ತಿದ್ದಾನೋ ಎಂದು ಅನುಮಾನ ಬರಬೇಕು.

ನನ್ನ ಇಂಟರ್‌ವ್ಯೂ ಮಾಡಿದವರೂ ಅವರೇ. ಪೆನ್ಸಿಲಿನಿಂದ ಮೇಜು ಕುಟ್ಟುತ್ತಾ, ಶಿಶುವಿಹಾರದ ಮಕ್ಕಳಿಗೆ ಹೇಳಿಕೊಡುವ ರಾಗದಲ್ಲಿ ಆಮ್ಲ ಪ್ರತ್ಯಾಮ್ಲಗಳ ಪ್ರಶ್ನೆ ಕೇಳಿದರು. ಇದೆಂಥ ವಿಚಿತ್ರ ಆಸಾಮಿ ಅಂದುಕೊಳ್ಳುತ್ತಲೇ ಉತ್ತರ ಕೊಟ್ಟೆ. ಕೊನೆಗೆ ಊರು ಯಾವುದೆಂದರು. ಚಿತ್ರದುರ್ಗ ಅಂದೆ. ಪೆನ್ಸಿಲು ನಿಂತುಹೋಯಿತು. ಮುಖ ಅರಳಿತು. ಬಾಯಿ ತೆರೆದರು, ಆದರೆ ಮಾತು ಬರಲಿಲ್ಲ.

"ಕ... ಕ... ಕ... ಕನ್ನಡದಾಕಿ ಏನವಾ ನೀನು!"

ಅಲ್ಲಿಯ ತನಕ ಗಡಿಯಾರದಂತೆ ನಡೆದಿದ್ದ ಬಾಯಿ ಕನ್ನಡಕ್ಕೆ ಬಂದಕೂಡಲೇ ಎಡವಿದ್ದು ನೋಡಿ ನನಗೆ ಗಾಬರಿಯಾಯಿತು. ಪಾಪ, ಬಹಳ ವರ್ಷದಿಂದ ಇಲ್ಲಿರುವವರು, ತಾಯ್ನುಡಿ ಮರೆತಿರಬೇಕು ಅಂದುಕೊಂಡೆ. ಕೆಲಸ ಸಿಕ್ಕಿತು. ಮಣಿನಗರದಲ್ಲಿ ಇಬ್ಬರು ಗುಜರಾತಿ ಹುಡುಗಿಯರ ಜೊತೆ ರೂಮು ಮಾಡಿದೆ. ಮೊದಲ ಭಾನುವಾರವೇ ಅವರ ಮನೆಯಿಂದ ಊಟಕ್ಕೆ ಕರೆ ಬಂತು. ಅವರ ಹೆಂಡತಿಯನ್ನು ನಾನು ಆಂಟಿ ಎಂದು ಕರೆದದ್ದೇ ತಡ, "ಆಂಟಿ ಗೀಂಟಿ ನಡಿಯೂದಿಲ್ಲ, ಅಕ್ಕಾ ಅನ್ನು" ಎಂದು ಬಾಗಿಲಲ್ಲೇ ತಿದ್ದಿದರು. ಇಬ್ಬರೂ ಗದಗಿನ ಕಡೆಯವರು. ರೊಟ್ಟಿ ಬಡಿಯುತ್ತಾ ಅಕ್ಕ ನನ್ನ ತಪ್ಪು ತಿಳಿವಳಿಕೆಯನ್ನು ಬಿಡಿಸಿದರು.

"ಅವರಿಗೆ ಸಣ್ಣಂದಿನಿಂದ ತೊದಲು ಐತವಾ. ಮಂದಿ ಮುಂದ ತಾಳ ಹಾಕಿ ಮುಚ್ಚಿಕೋತಾರ. ಮನ್ಯಾಗ, ನಮ್ಮವರ ಮುಂದ ಹಂಗs ಬಿಟ್ಟುಬಿಡ್ತಾರ. ನಿನ್ನ ಮುಂದ ತೊದಲಿದ್ರಲ್ಲ, ಅವತ್ತs ನೀ ನಮ್ಮ ಮನಿಯಾಕಿ ಆದಿ ಅಂತ ತಿಳ್ಕೊ."

ಇನ್ನು ಮುಂದೆ ಅವರ ತೊದಲನ್ನು ಪ್ರತಿಸಲ ಬರೆಯಲು ಹೋಗುವುದಿಲ್ಲ. ಕ, ಪ, ಬ ಬಂದಲ್ಲೆಲ್ಲ ಓದುವವರೇ ಸ್ವಲ್ಪ ನಿಂತು ಮುಂದೆ ಹೋಗಬೇಕು.

ಈ ತಾಳದ ಉಪಾಯ ಅವರಿಗೆ ಸಿಕ್ಕಿದ್ದು ಕನ್ನಡ ಶಾಲೆಯಲ್ಲಂತೆ. ಗದ್ಯಪಾಠ ಓದಲು ಎಬ್ಬಿಸಿದರೆ ಮೊದಲ ಸಾಲಿನಲ್ಲೇ ಸಿಕ್ಕಿಕೊಂಡು ಬೆವರುತ್ತಿದ್ದ ಹುಡುಗ, ಪದ್ಯ ಓದು ಅಂದರೆ ನೀರಿನಂತೆ ಓದುತ್ತಿದ್ದ. ಮಗ್ಗಿಯೂ ಹಾಗೆಯೇ. ಎಲ್ಲರ ಜೊತೆ ಕೂಗುವಾಗ ಒಂದು ಅಕ್ಷರವೂ ಹಿಡಿಯುತ್ತಿರಲಿಲ್ಲ. ಒಂದು ದಿನ ಮಾಸ್ತರರು ಸೊಂಟಕ್ಕೆ ಕೈ ಇಟ್ಟು ನಿಂತು, "ಪದ್ಯದಾಗ ಇಲ್ಲದ ತೊದಲು ಗದ್ಯದಾಗ ಎಲ್ಲಿಂದ ಬಂತಲೇ?" ಎಂದರಂತೆ. ಬೈದದ್ದೋ ಕೇಳಿದ್ದೋ ಗೊತ್ತಿಲ್ಲ. ಹುಡುಗ ಅದನ್ನೇ ಮನೆತನಕ ಯೋಚಿಸುತ್ತಾ ಬಂದ. ಮರುದಿನ ಅಂಗಡಿಗೆ ಹೋಗಿ, ತೊಡೆ ತಟ್ಟಿಕೊಂಡು, "ಅರ್ಧಾ ಪಾವು ಬೆಲ್ಲಾ ಕೊಡ್ರಿ" ಎಂದು ನಾಲ್ಕು ಮೂರು ಮಾತ್ರೆಗೆ ಕೂಡಿಸಿ ಕೇಳಿದ. ಬೆಲ್ಲ ಸಿಕ್ಕಿತು. ಅಂಗಡಿಯವನು, "ನಾಟಕದಾಗ ಪಾರ್ಟು ಸಿಕ್ಕೈತೇನೋ?" ಅಂದನಂತೆ.

ನನಗೆ ಛಂದಸ್ಸು ಅಂದರೆ ಒಂಬತ್ತನೇ ಕ್ಲಾಸಿನ ದುಃಸ್ವಪ್ನ. ಸಾಲಿನ ಮೇಲೆ ಕೊಂಡಿ ಹಾಕುವುದು, ಗೀಟು ಎಳೆಯುವುದು, ಗಣ ತಪ್ಪಿ ಅಂಕ ಹೋಗುವುದು. ಹಾಗೆಂದು ಹೇಳಿದಾಗ ಅವರಿಗೆ ನಿಜವಾಗಿಯೂ ಬೇಸರವಾಯಿತು.

"ಅದು ಪರೀಕ್ಷಾದ ಪ್ರಶ್ನಿ ಅಲ್ಲವಾ. ಉಸರು ಎಲ್ಲಿ ಇಡಬೇಕು, ಕಾಲು ಎಲ್ಲಿ ಇಡಬೇಕು ಅನ್ನೂದು. ಸಣ್ಣ ಅಕ್ಷರ ಲಘು, ಅದಕ್ಕ ಒಂದು ಮಾತ್ರೆ. ಎಳದದ್ದು, ಒತ್ತಕ್ಷರದ ಹಿಂದಿಂದು ಗುರು, ಅದಕ್ಕ ಎರಡು. ಇಷ್ಟ ಗೊತ್ತಿದ್ದರ ಸಾಕು, ಇಡೀ ಊರು ಪದ್ಯ ಹೇಳಾಕತ್ತೈತಿ ಅಂತ ಗೊತ್ತಾಗತೈತಿ."

ಊರು ಪದ್ಯ ಹೇಳುವುದನ್ನು ಅವರೇ ಕೇಳಿಸಿದರು. ಒಂದು ಭಾನುವಾರ ಸಂತೆಗೆ ಹೊರಟಾಗ ತರಕಾರಿ ಗಾಡಿಯವಳು ಕೂಗುತ್ತಾ ಬಂದಳು: "ಕಾಂದಾ ಬಟಾಟಾ, ರಿಂಗಣ ಟಮೇಟಾ!" ಈರುಳ್ಳಿ, ಆಲೂಗಡ್ಡೆ, ಬದನೆ, ಟೊಮೇಟೊ, ಅಷ್ಟೇ. ಇವರು ನಡುರಸ್ತೆಯಲ್ಲಿ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. "ಎಣಿಸು! ನಾಕು ಐದು, ನಾಕು ಐದು. ಕಡೀಗೆ ಪ್ರಾಸಾನೂ ಕೂಡೈತಿ. ಆಕಿಗೆ ಯಾರು ಕಲಿಸ್ಯಾರ?" ಹಿಂದಿನಿಂದ ಬಂದ ಆಟೋದವನು ಹಾರ್ನ್ ಹೊಡೆದ. "ಇವಾ ನೋಡು, ಬರೇ ಗುರು" ಎಂದು ಅವನಿಗೂ ಲೆಕ್ಕ ಹಚ್ಚಿದರು.

ಇನ್ನೊಂದು ದಿನ, ಇಲ್ಲಿಯವರು ಹೇಗಿದ್ದೀರಿ ಎಂದು ಕೇಳಿದರೆ 'ಮಜಾಮಾ' ಅನ್ನುತ್ತಾರಲ್ಲ, ಚೆನ್ನಾಗಿದ್ದೇವೆ ಅಂತ, ಅದನ್ನು ಹಿಡಿದರು. "ಮ ಲಘು, ಜಾ ಗುರು, ಮಾ ಗುರು. ಯಗಣ! ಈ ಮಂದಿ ದಿನಾ ಬೆಳಗಾದರ ಯಗಣದಾಗ ಆರಾಮ ಇರ್ತಾರ. ನಾವು ಏನಂತೀವಿ? ಹಿಂಗs ನಡದೈತ್ರಿ, ಅಂತೀವಿ. ಲಘು ಹೆಚ್ಚಾತು, ಉತ್ಸಾಹ ಕಡಿಮಿ ಆತು." ಆವತ್ತಿನಿಂದ ನಾನು ಯಾರು ಕೇಳಿದರೂ ಮಜಾಮಾ ಅನ್ನುತ್ತೇನೆ. ಅದರಿಂದ ನಿಜಕ್ಕೂ ಸ್ವಲ್ಪ ಮಜಾ ಬರುತ್ತದೆ.

ವಟ್ವಾಕ್ಕೆ ಬರುವ ಮೊದಲು ಅವರು ಸೂರತ್ತಿನ ಉಧ್ನಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಡೆ ಇದ್ದರಂತೆ. ಪಕ್ಕದ ಶೆಡ್ಡುಗಳಲ್ಲಿ ಹಗಲೂ ರಾತ್ರಿ ವಿದ್ಯುತ್ ಮಗ್ಗಗಳ ಸದ್ದು. ಬೇರೆಯವರು ಕಿವಿಗೆ ಹತ್ತಿ ಇಟ್ಟುಕೊಂಡು ಶಪಿಸುತ್ತಿದ್ದರೆ, ಇವರಿಗೆ ಅದು ಸ್ವರ್ಗ. "ಮಗ್ಗs ತಾಳ ಹಾಕ್ತಿತ್ತು, ನಾ ಬರೇ ಮಾತಾಡಿದರಾತು. ತೊದಲಿದರೂ ಆ ಗದ್ದಲದಾಗ ಯಾರಿಗೆ ಕೇಳಬೇಕು?" ಭಾನುವಾರ ಕರೆಂಟು ಹೋದಾಗ ಮಾತ್ರ ಬಾಯಿ ಮುಚ್ಚಿಕೊಂಡು ತಾಪಿ ನದಿಯ ಕಡೆ ತಿರುಗಾಡಲು ಹೋಗುತ್ತಿದ್ದರಂತೆ.

ಅವರ ಮದುವೆಯ ಕಥೆಯನ್ನು ಅಕ್ಕ ಹೇಳಬೇಕು, ನಾವು ಕೇಳಬೇಕು. ಹೆಣ್ಣು ನೋಡಲು ಬಂದಾಗ ಮಾತೆಲ್ಲ ಸೋದರಮಾವನೇ ಆಡುವುದೆಂದು ಮೊದಲೇ ಗೊತ್ತು ಮಾಡಿಕೊಂಡಿದ್ದರು. ಅಕ್ಕನಿಗೆ ಇದು ಸರಿಬರಲಿಲ್ಲ. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ನೇರವಾಗಿ, "ನಿಮಗ ಯಾವ ಪಲ್ಯಾ ಸೇರತೈತ್ರಿ?" ಎಂದು ಕೇಳಿಯೇಬಿಟ್ಟರು. ಇವರ ಮನಸ್ಸಿನಲ್ಲಿದ್ದದ್ದು ಬದನೆಕಾಯಿ. ಆದರೆ ಬಕಾರ ಗಂಟಲಲ್ಲಿ ಕೂತು ಏಳಲೊಲ್ಲದು. ಹಿರಿಯರೆಲ್ಲ ನೋಡುತ್ತಿದ್ದಾರೆ. ಬಾಯಿಗೆ ಸುಲಭವಾಗಿ ಬಂದ ತರಕಾರಿಯ ಹೆಸರು ಹೇಳಿಬಿಟ್ಟರು: "ಹಾಗಲಕಾಯಿ."

"ಎರಡು ವರ್ಷ ಹಾಗಲಕಾಯಿ ಮಾಡಿ ಹಾಕೀನವಾ" ಎಂದು ಅಕ್ಕ ಕಣ್ಣೊರೆಸಿಕೊಂಡು ನಗುತ್ತಿದ್ದರು. "ಹುಳಿ, ಗೊಜ್ಜು, ಪಲ್ಯಾ, ಒಣಗಿಸಿ ಕರದದ್ದು. ಮುಖಾ ಕಿವಿಚಿಕೋತ ತಿಂತಿದ್ರು. ಒಮ್ಮೆ ತಾಟು ದೂಡಿ, ನನಗ ಬ... ಬ... ಬದನಿಕಾಯಿ ಬೇಕು, ಅಂದ್ರು ನೋಡು! ಕಾಯಿ ಎಲ್ಲೂ ಹೋಗೂದಿಲ್ಲ, ಆರಾಮ ಹೇಳ್ರಿ ಅಂದೆ. ಆವತ್ತಿಂದ ನನ್ನ ಮುಂದ ತಾಳ ಬಿಟ್ಟರು."

ನಾನು ಸೇರಿದ ಕೆಲವು ವರ್ಷಕ್ಕೆ ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದರು. ಚುರುಕು ಮನುಷ್ಯ, ಕೆಟ್ಟವರೇನಲ್ಲ, ಶಿಸ್ತು ಸ್ವಲ್ಪ ಜಾಸ್ತಿ. ಮೊದಲ ಮೀಟಿಂಗಿನಲ್ಲೇ ಇವರು ಬೆರಳು ತಟ್ಟಿ ಶುರುಮಾಡುತ್ತಿದ್ದಂತೆ, "ಪ್ಲೀಸ್, ಟೇಬಲ್ ಬಾರಿಸಬೇಡಿ. ನನಗೆ ತಲೆನೋವು ಬರುತ್ತೆ" ಅಂದರು. ಅವರಿಗೆ ವಿಷಯ ಗೊತ್ತಿರಲಿಲ್ಲ. ಇವರು ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಮಾತು ಅಲ್ಲಿಗೇ ನಿಂತಿತು. ಮುಂದಿನ ಮೀಟಿಂಗುಗಳಲ್ಲಿ ಲ್ಯಾಬಿನ ವರದಿಯನ್ನು ನಾನು ಓದತೊಡಗಿದೆ. ಇವರು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದರು. ನಾನು ಹೋಗಿ ಮ್ಯಾನೇಜರಿಗೆ ಹೇಳಿಬರುತ್ತೇನೆಂದರೆ ಕೈಮುಗಿದು ಬೇಡ ಅಂದರು. "ತೊದಲು ಐತಿ ಅಂತ ಹೇಳೂದಕಿಂತ ಸುಮ್ಮನಿರೂದು ಹಗರ." ಸಂತೆಯಲ್ಲಿ ಮೊಣಕೈ ಹಿಡಿದು ನಿಲ್ಲಿಸುವುದೂ ಕಡಿಮೆಯಾಯಿತು. ಅಕ್ಕ ಒಂದು ಸಲ ನನ್ನನ್ನು ಅಡುಗೆಮನೆಗೆ ಕರೆದು, "ಫ್ಯಾಕ್ಟರ್‍ಯಾಗ ಏನಾಗೇತವಾ? ಮನ್ಯಾಗೂ ಮಾತಿಲ್ಲ" ಎಂದು ಕೇಳಿದರು. ನಗುವ ಮನೆಯಲ್ಲಿ ಆ ಪ್ರಶ್ನೆ ಕೇಳಿ ನನಗೆ ಸಂಕಟವಾಯಿತು.

ಹೀಗಿರುವಾಗ ಉತ್ತರಾಯಣದ ಹಿಂದಿನ ದಿನ ಬಂತು. ಇಲ್ಲಿ ಸಂಕ್ರಾಂತಿ ಎಂದರೆ ಗಾಳಿಪಟ. ಕೆಲಸಗಾರರಲ್ಲಿ ಬಹಳ ಮಂದಿ ರಜೆ, ಮೈಕಿನಲ್ಲಿ ಸೂಚನೆ ಕೊಡುವ ಸೆಕ್ಯೂರಿಟಿ ಆಫೀಸರೂ ರಜೆ. ಮಧ್ಯಾಹ್ನದ ಊಟ ಮುಗಿದಿತ್ತು. ಲ್ಯಾಬಿನ ಕಿಟಕಿಯಿಂದ ನೋಡುತ್ತಿದ್ದೆ, ಆಮ್ಲದ ಟ್ಯಾಂಕಿನ ಕೊಳವೆ ಕೂಡುವ ಕಡೆಯಿಂದ ಬಿಳಿ ಹೊಗೆ ಬುಸ್ಸೆಂದು ಎದ್ದಿತು. ಸೈರನ್ ಕೂಗಿತು. ಕಣ್ಣು ಉರಿಯತೊಡಗಿತು. ಗಾಳಿ ಹೊಗೆಯನ್ನು ಪಡುವಣದ ದೊಡ್ಡ ಗೇಟಿನ ಕಡೆಗೆ ತಳ್ಳುತ್ತಿತ್ತು. ಗಾಬರಿಯಾದ ಜನ ದಿನನಿತ್ಯದ ಅಭ್ಯಾಸದಂತೆ ಆ ಗೇಟಿನ ಕಡೆಗೇ ಓಡುತ್ತಿದ್ದರು, ಅಂದರೆ ನೇರ ಹೊಗೆಯೊಳಕ್ಕೆ. ಹೋಗಬೇಕಾದ್ದು ಪೂರ್ವದ ಗೇಟಿಗೆ. ಅದು ಕಿರಿದು, ಇಬ್ಬರು ಒಟ್ಟಿಗೆ ದಾಟುವಷ್ಟೇ ಜಾಗ. ಅಲ್ಲಿಗೂ ನುಗ್ಗಿ ಓಡಿದರೆ ತುಳಿದಾಟವೇ ಸರಿ.

ಲ್ಯಾಬಿನ ಪಕ್ಕದ ಕೋಣೆಯಲ್ಲೇ ಮೈಕು. ಅಲ್ಲಿದ್ದ ಆಪರೇಟರ್ ವಾಲ್ವ್ ಮುಚ್ಚಲು ಮುಖವಾಡ ಹಾಕಿಕೊಂಡು ಓಡಿದ್ದ. ನಾನು ಮೈಕಿಗೆ ಕೈಚಾಚುವಷ್ಟರಲ್ಲಿ ಸರ್ ಅದನ್ನು ಹಿಡಿದಾಗಿತ್ತು. ಈ ಹೊತ್ತಿನಲ್ಲಿ ಇವರ ಮಾತು ಸಿಕ್ಕಿಕೊಂಡರೆ? ಅವರು ನನ್ನ ಕಡೆ ನೋಡಲಿಲ್ಲ. ಕಣ್ಣು ಮುಚ್ಚಿದರು. ಬೆರಳಿನಿಂದ ಮೈಕಿನ ತಲೆಗೇ ತಟ್ಟಿದರು. ಟಕ್, ಟಕ್. ಆ ಸದ್ದು ಇಡೀ ಕಾರ್ಖಾನೆಯಲ್ಲಿ ನಗಾರಿಯಂತೆ ಮೊಳಗಿತು. ಆಮೇಲೆ ಅವರ ದನಿ:

"ಡರ್‌ನಾ ನಹೀಂ, ದೌಡ್‌ನಾ ನಹೀಂ,
ಧೀರೇ ಚಲೋ, ಪೂರಬ ಚಲೋ."

ಹೆದರಬೇಡಿ, ಓಡಬೇಡಿ, ನಿಧಾನ ನಡೆಯಿರಿ, ಪೂರ್ವಕ್ಕೆ ನಡೆಯಿರಿ. ನಾಲ್ಕು ಮೂರು, ನಾಲ್ಕು ಮೂರು. ಎಲ್ಲೂ ತಡೆಯಲಿಲ್ಲ, ಪೂರಬದ ಪಕಾರದಲ್ಲೂ ತಡೆಯಲಿಲ್ಲ. ಮತ್ತೆ ಅದೇ, ಮತ್ತೆ ಅದೇ. ಕಿಟಕಿಯಿಂದ ನಾನು ನೋಡಿದೆ. ಓಡುತ್ತಿದ್ದವರ ಕಾಲು ಮೊದಲು ತಡವರಿಸಿತು, ಆಮೇಲೆ ನಿಧಾನವಾಯಿತು. ಆ ನಡೆ ಕೇಳುತ್ತಾ ಓಡಲು ಆಗುವುದಿಲ್ಲ, ಕಾಲು ತಾನಾಗಿ ಅದಕ್ಕೆ ಬೀಳುತ್ತದೆ. ಯಾರೋ ಒಬ್ಬ ತಿರುಗಿದ, ಹಿಂದೆ ಹತ್ತು ಜನ ತಿರುಗಿದರು. ಮೂಗಿಗೆ ಒದ್ದೆ ಕರವಸ್ತ್ರ ಒತ್ತಿಕೊಂಡವರು ಅದರ ಒಳಗಿನಿಂದಲೇ ದನಿಗೂಡಿಸಿದರು. ಬಿಹಾರದವರು, ಒಡಿಶಾದವರು, ಗುಜರಾತಿಗಳು, ಎಲ್ಲರೂ ಒಂದೇ ಗುಂಪಾಗಿ ಅದನ್ನೇ ಹೇಳಿಕೊಂಡು ಇಬ್ಬಿಬ್ಬರಾಗಿ ಕಿರುಗೇಟು ದಾಟಿದರು. ಒಬ್ಬರ ಕಾಲೂ ಇನ್ನೊಬ್ಬರ ಮೇಲೆ ಬೀಳಲಿಲ್ಲ. ಅಷ್ಟರಲ್ಲಿ ವಾಲ್ವ್ ಮುಚ್ಚಿತು, ಹೊಗೆ ತೆಳುವಾಯಿತು. ಕಣ್ಣುರಿ, ಕೆಮ್ಮು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಸರ್ ಮೈಕು ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದರು. ಅಂಗಿ ಬೆವರಿನಿಂದ ತೊಯ್ದಿತ್ತು. ನನ್ನ ಕಡೆ ತಿರುಗಿ, "ಕ... ಕ... ಕ... ಕ... ಕುಡ್ಯಾಕ ನೀರು ಕೊಡವಾ" ಅಂದರು. ಆ ಒಂದು ಮಾತು ಹೊರಬರಲು ಹಿಡಿದ ಹೊತ್ತು ನೋಡಿ ಇಬ್ಬರಿಗೂ ನಗು ಬಂತು. ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ ನಕ್ಕೆವು. ನಾವು ಅಳುತ್ತಿದ್ದೇವೆಂದು ತಿಳಿದು ಓಡಿ ಬಂದ ಕಾರ್ಖಾನೆಯ ನರ್ಸ್ ಇಬ್ಬರಿಗೂ ಆಕ್ಸಿಜನ್ ಹಿಡಿಯಲು ಹೊರಟಳು.

ಮರುದಿನ ಕಾರ್ಖಾನೆಯ ಹಿಂದೆ ಕೆಲಸಗಾರರ ಚಾಳುಗಳ ಮಾಳಿಗೆಯ ಮೇಲೆ ಪಟ ಹಾರಿಸುತ್ತಿದ್ದ ಮಕ್ಕಳ ಬಾಯಲ್ಲೂ ಅದೇ 'ಡರ್‌ನಾ ನಹೀಂ, ದೌಡ್‌ನಾ ನಹೀಂ'. ಅಪ್ಪಂದಿರಿಂದ ರಾತ್ರೋರಾತ್ರಿ ಕಲಿತಿದ್ದವು. ಮುಂದಿನ ಮೀಟಿಂಗಿನಲ್ಲಿ ಮ್ಯಾನೇಜರ್, ಆ ಹೊತ್ತಿಗೆ ಯಾರೋ ಅವರಿಗೆ ವಿಷಯ ಹೇಳಿದ್ದರು, ಎದ್ದು ನಿಂತು, "ಸರ್, ಟೇಬಲ್ ನಿಮ್ಮದು" ಅಂದರು. ಸರ್ ಬೆರಳಿನಿಂದ ತಟ್ಟಿ, ವರದಿ ಓದಿದರು. ಹಳದಿ ಬಣ್ಣದ ಒಂದು ಬ್ಯಾಚು ಕೆಟ್ಟಿದೆ ಎಂಬ ಸುದ್ದಿಯನ್ನು ಅಷ್ಟು ಸಂತೋಷದಿಂದ ಆ ಸಭೆ ಎಂದೂ ಕೇಳಿರಲಿಲ್ಲ.

ಆಮೇಲಿನ ವರ್ಷಗಳು ಚೆನ್ನಾಗಿಯೇ ಹೋದವು. ಹೋದ ತಿಂಗಳು ನಿವೃತ್ತಿಯ ದಿನ ಬಂತು. ಕ್ಯಾಂಟೀನಿನ ದೊಡ್ಡ ಕೋಣೆಯಲ್ಲಿ ಸಮಾರಂಭ. ಅಕ್ಕ ಮೊದಲ ಸಲ ಕಾರ್ಖಾನೆಯೊಳಗೆ ಬಂದು ಮುಂದಿನ ಸಾಲಿನಲ್ಲಿ ಇಳಕಲ್ ಸೀರೆಯುಟ್ಟು ಕೂತಿದ್ದರು. ಪ್ಲೇಟುಗಳಲ್ಲಿ ಸಮೋಸ, ಗಾಂಠಿಯಾ. ಶಾಲು ಹೊದಿಸಿದರು, ಹಾರ ಹಾಕಿದರು. ಸರ್ ಮಾತಾಡಲು ಎದ್ದಾಗ ಹಿಂದಿನ ಸಾಲಿನ ಹುಡುಗರು ಕೈ ಮುಂದೆ ಮಾಡಿ ಚಪ್ಪಾಳೆಯ ತಾಳಕ್ಕೆ ಸಿದ್ಧರಾದರು. ಪದ್ಯದ ಭಾಷಣ ಬರುತ್ತದೆಂದು ಎಲ್ಲರ ನಿರೀಕ್ಷೆ.

ಸರ್ ಬಲಗೈಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಏನನ್ನಿಸಿತೋ, ತೆಗೆದು ಪ್ಯಾಂಟಿನ ಜೇಬಿನೊಳಗೆ ಹಾಕಿಕೊಂಡರು.

"ಭ... ಭ... ಭ..."

ಹುಡುಗರು, ಸಾಹೇಬರಿಗೆ ತಾಳ ತಪ್ಪಿತೆಂದು ತಿಳಿದು, ಸಹಾಯಕ್ಕೆಂದು ಚಪ್ಪಾಳೆ ಶುರುಮಾಡಿದರು. ಅವರು ನಗುತ್ತಾ ಎಡಗೈ ಎತ್ತಿ ಬೇಡ ಅಂದರು.

"ಭ... ಭಾಯಿಯೋಂ" ಎಂದು ಮುಗಿಸಿ, ಹಿಂದಿಯಲ್ಲೇ ಮುಂದುವರಿಸಿದರು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ತೊದಲನ್ನು ಬಿಟ್ಟು. "ತಾಳದಲ್ಲಿ ಮಾತಾಡಬೇಕಾದರೆ ಮೊದಲೇ ಜೋಡಿಸಿಟ್ಟುಕೊಳ್ಳಬೇಕು. ಬಾರದ ಅಕ್ಷರ ಬಿಟ್ಟು ಬರುವ ಅಕ್ಷರ ಹುಡುಕಬೇಕು. ಪಾನಿ ಬಾರದಿದ್ದರೆ ಜಲ್ ಅನ್ನಬಹುದು. ಆದರೆ ಮನುಷ್ಯನ ಹೆಸರಿಗೆ ಬದಲಿ ಮಾತು ಇರುವುದಿಲ್ಲ. ಅದಕ್ಕೇ ನಾನು ನಿಮ್ಮನ್ನೆಲ್ಲ ಇಷ್ಟು ವರ್ಷ ಅರೇ ಭಾಯ್, ಸುನೋ ಭಾಯ್, ದೀದೀ ಅಂದುಕೊಂಡೇ ಬಂದೆ. ಅದನ್ನಾದರೂ ತಾಳಕ್ಕೆ ಕಟ್ಟಿಯೇ ಅಂದೆ. ಹೆಸರು ಒಬ್ಬರದೂ ಹಿಡಿದು ಕರೆದಿಲ್ಲ. ನಿಮಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು. ಇವತ್ತು ಕರೆಯುತ್ತೇನೆ. ಸ್ವಲ್ಪ ಹೊತ್ತಾಗುತ್ತದೆ."

ನನಗೆ ತಟ್ಟನೆ ಹೊಳೆಯಿತು. ನನ್ನ ಹೆಸರು ಭಾರತಿ. ಆದರೆ ಅವರು ಯಾವತ್ತೂ ಕರೆದದ್ದು ಯವ್ವಾ ಎಂದೇ. ಪ್ರೀತಿಯಿಂದ ಅಂದುಕೊಂಡಿದ್ದೆ. ಪ್ರೀತಿಯೂ ಇತ್ತು, ಭಕಾರದ ಭಯವೂ ಇತ್ತು.

ಕರೆದರು. ಪ್ರವೀಣ್‌ಭಾಯಿಯ ಪಕಾರ ಬಹಳ ಹೊತ್ತು ತುಟಿಯ ಮೇಲೇ ನಿಂತಿತ್ತು. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಯಾರೂ ಮುಂದಿನ ಅಕ್ಷರ ಎತ್ತಿಕೊಡಲಿಲ್ಲ. ಹೆಸರು ಹೊರಬಿದ್ದಾಗ, ವಾಲ್ವ್ ಮುಚ್ಚಲು ಓಡಿದ್ದ ಆ ದೊಡ್ಡ ದೇಹದ ಆಪರೇಟರ್ ಶಾಲೆಯ ಹುಡುಗನಂತೆ ಎದ್ದು ನಿಂತ. ಆಮೇಲೆ ಕ್ಯಾಂಟೀನಿನ ಕೋಕಿಲಾಬೆನ್, ಕೈಯಲ್ಲಿ ಚಹಾದ ಕೆಟಲ್ ಹಿಡಿದೇ ನಿಂತಳು. ಆಮೇಲೆ ಭೀಖಾಭಾಯಿ. ಆಮೇಲೆ ನಾನು. ಹೆಸರು ಕಷ್ಟದ್ದಾದಷ್ಟೂ ಕಾಯುವವರ ಮುಖ ಹೊಳೆಯುತ್ತಿತ್ತು. ಸುಲಭದ ಹೆಸರಿನವರಾದ ಸುರೇಶ, ಹಂಸಾಬೆನ್ ಮುಂತಾದವರಿಗೆ, ತಮ್ಮದು ಇಷ್ಟು ಬೇಗ ಮುಗಿದುಹೋಯಿತಲ್ಲ ಎಂದು ಸಣ್ಣ ಅಸಮಾಧಾನವೇ ಆಯಿತೇನೋ. ಅಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು, ಅಳುವುದೋ ನಗುವುದೋ ಎಂದು ತೀರ್ಮಾನವಾಗದೆ, ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು.

ಸಮೋಸ ಆರಿಹೋಗಿತ್ತು. ಹೊರಗೆ ಶಿಫ್ಟಿನ ಬಸ್ಸು ಎರಡು ಸಲ ಹಾರ್ನ್ ಹೊಡೆಯಿತು. ಯಾರೂ ಏಳಲಿಲ್ಲ. ಕೊನೆಗೆ ಬಸ್ಸಿನ ಡ್ರೈವರೇ ಬಾಗಿಲು ತಳ್ಳಿಕೊಂಡು, ಕೈಯಲ್ಲಿ ಕೀಲಿ ಕುಣಿಸುತ್ತಾ, ಕೂಗಿಬಿಡುವ ಮುಖ ಮಾಡಿಕೊಂಡು ಒಳಗೆ ಬಂದ. ಹೊತ್ತಿಗೆ ಸರಿಯಾಗಿ ಬಸ್ಸು ಬಿಡುವುದರಲ್ಲಿ ದೇವರಿಗೂ ಕಾಯದ ಮನುಷ್ಯ. ಸರ್ ಅವನ ಕಡೆ ತಿರುಗಿದರು.

"ಬ... ಬ... ಬ..."

ಡ್ರೈವರಿಗೆ ಏನು ನಡೆಯುತ್ತಿದೆಯೆಂದು ಗೊತ್ತಿರಲಿಲ್ಲ. ಆದರೆ ತನ್ನನ್ನೇ ಕರೆಯುತ್ತಿದ್ದಾರೆಂದು ಗೊತ್ತಾಯಿತು. ಕೀಲಿ ಕುಣಿಯುವುದು ನಿಂತಿತು. ಅವನು ಕಾದ. ಅವನ ಜೊತೆ ಎಲ್ಲರೂ ಕಾದರು.

"ಬ... ಬಾ... ಬಾಬುಭಾಯಿ."

"ಜೀ ಸಾಹೇಬ್" ಅಂದ ಬಾಬುಭಾಯಿ. ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಒಂದು ಖಾಲಿ ಕುರ್ಚಿ ಎಳೆದು ಕೂತ.